ಕರಾವಳಿಯ ಬಿಸಿಲಿಗೆ ಸನ್‌ಸ್ಕ್ರೀನ್: ಯಾರ ಚರ್ಮಕ್ಕೆ ಯಾವುದು?

ಮೊಬೈಲಿನ ಹವಾಮಾನ ಪುಟದಲ್ಲಿ ಉಷ್ಣತೆ ಮತ್ತು ತೇವಾಂಶದ ಕೆಳಗೆ, ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಎಷ್ಟು ತೀವ್ರ ಎಂದು ಹೇಳುವ ಯುವಿ ಸೂಚ್ಯಂಕ ಎಂಬ ಇನ್ನೊಂದು ಅಂಕಿ ಇರುತ್ತದೆ. ಮಾರ್ಚ್, ಏಪ್ರಿಲ್ ತಿಂಗಳ ನಡು ಹಗಲಿನಲ್ಲಿ ಮಂಗಳೂರು, ಉಡುಪಿಗಳಲ್ಲಿ ಅದು 11ನ್ನು ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ 3ರಿಂದ 5 ಮಧ್ಯಮ, 6ರಿಂದ 7 ಹೆಚ್ಚು, 8ರಿಂದ 10 ಬಹಳ ಹೆಚ್ಚು, 11 ಮತ್ತು ಅದರ ಮೇಲಿನದು ಅತಿ ತೀವ್ರ. ಸೆಕೆಯ ಬಗ್ಗೆ ಮಾತನಾಡದ ಮನೆ ನಮ್ಮಲ್ಲಿಲ್ಲ. ಆದರೆ ಸೆಕೆಗೂ ಈ ಅಂಕಿಗೂ ನೇರ ಸಂಬಂಧವಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮೆಡಿಕಲ್ ಅಂಗಡಿಯ ಕಪಾಟಿನಲ್ಲಿ ಜೆಲ್, ಲೋಷನ್, ಸ್ಟಿಕ್, ಸ್ಪ್ರೇ ಎಂದು ಹತ್ತಾರು ಬಗೆಯ ಸನ್‌ಸ್ಕ್ರೀನ್‌ಗಳು ಸಾಲಾಗಿ ನಿಂತಿರುವಾಗ, ಹೆಚ್ಚಿನವರು ಕೊನೆಗೆ ದೊಡ್ಡ ಅಂಕಿ ಬರೆದಿರುವ ಟ್ಯೂಬನ್ನೇ ಎತ್ತಿಕೊಳ್ಳುತ್ತಾರೆ. ನಮ್ಮ ಚರ್ಮಕ್ಕೆ ಮತ್ತು ನಮ್ಮ ಊರಿನ ಹವೆಗೆ ಆ ಅಂಕಿ ಹೇಳುವುದಕ್ಕಿಂತ ಹೇಳದೆ ಬಿಡುವುದೇ ಹೆಚ್ಚು. ಅದು ಹೇಗೆಂದು ತಿಳಿಯಲು ಬಿಸಿಲಿನಿಂದಲೇ ಆರಂಭಿಸಬೇಕು.

ಬಿಸಿಲಿನಲ್ಲಿ ಚರ್ಮಕ್ಕೆ ತಾಗುವುದು ಏನು?

ಸೂರ್ಯನಿಂದ ಬರುವುದರಲ್ಲಿ ಕಣ್ಣಿಗೆ ಕಾಣುವ ಬೆಳಕು ಒಂದು, ಬಿಸಿಯ ಅನುಭವ ಕೊಡುವ ಅವಕೆಂಪು ಕಿರಣ ಇನ್ನೊಂದು. ಮೂರನೆಯದು ಕಣ್ಣಿಗೆ ಕಾಣದ, ಮುಟ್ಟಿದರೆ ಬಿಸಿಯೂ ಅನ್ನಿಸದ ನೇರಳಾತೀತ ಕಿರಣ. ಯುವಿ ಎಂದು ಚಿಕ್ಕದಾಗಿ ಹೇಳುವುದು ಇದನ್ನೇ. ನೆಲಕ್ಕೆ ತಲುಪುವ ನೇರಳಾತೀತ ಕಿರಣಗಳಲ್ಲಿ ಎರಡು ಬಗೆ. ಯುವಿ-ಬಿ ಕಿರಣದ ತರಂಗದ ಉದ್ದ 280ರಿಂದ 315 ನ್ಯಾನೋಮೀಟರ್. ಇದು ಚರ್ಮದ ಮೇಲ್ಪದರದಲ್ಲೇ ಬಹುಪಾಲು ಹೀರಲ್ಪಟ್ಟು ಅಲ್ಲಿ ಸುಟ್ಟಂತೆ ಕೆಂಪಾಗಿಸುತ್ತದೆ, ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ, ಜೊತೆಗೆ ಡಿ ವಿಟಮಿನ್ ತಯಾರಿಕೆಗೂ ಕಾರಣವಾಗುತ್ತದೆ. ಯುವಿ-ಎ ಕಿರಣದ ಉದ್ದ 315ರಿಂದ 400 ನ್ಯಾನೋಮೀಟರ್. ಇದು ಒಳಪದರದವರೆಗೂ ಇಳಿದು ಚರ್ಮವನ್ನು ಕಪ್ಪಾಗಿಸುತ್ತದೆ ಮತ್ತು ವರ್ಷಗಳು ಕಳೆದಂತೆ ಸುಕ್ಕು ತರುತ್ತದೆ. ನೆಲಕ್ಕೆ ಬೀಳುವ ಯುವಿಯಲ್ಲಿ ಸುಮಾರು ಶೇ. 95 ಭಾಗ ಯುವಿ-ಎ.

ಸಾಮಾನ್ಯ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯ ಬಹುಭಾಗವನ್ನು ಒಳಗೆ ಬಿಡುತ್ತದೆ. ಉಡುಪಿಯಿಂದ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವವರು ಇದನ್ನೊಮ್ಮೆ ಲೆಕ್ಕ ಹಾಕಿ ನೋಡಬಹುದು. ರಾಷ್ಟ್ರೀಯ ಹೆದ್ದಾರಿ 66 ಇಲ್ಲಿ ಹೆಚ್ಚುಕಡಿಮೆ ಉತ್ತರ ದಕ್ಷಿಣವಾಗಿ ಸಾಗುವುದರಿಂದ, ಬೆಳಿಗ್ಗೆ ದಕ್ಷಿಣಕ್ಕೆ ಹೋಗುವ ಬಸ್ಸಿನ ಎಡಬದಿಗೆ ಮೂಡಣದ ಬಿಸಿಲು ಬೀಳುತ್ತದೆ. ಸಂಜೆ ಉತ್ತರಕ್ಕೆ ಮರಳುವಾಗ ಅದೇ ಎಡಬದಿಗೆ ಪಡುವಣದ ಬಿಸಿಲು. ಎರಡೂ ಹೊತ್ತು ಎಡಬದಿಯ ಕಿಟಕಿ ಸೀಟನ್ನೇ ಇಷ್ಟಪಡುವವರ ಎಡಗೈ ಮತ್ತು ಎಡಕೆನ್ನೆಗೆ, ಕಿಟಕಿ ಮುಚ್ಚಿದ್ದರೂ, ದಿನಕ್ಕೆ ಎರಡು ಬಾರಿ ಯುವಿ-ಎ ತಾಗುತ್ತದೆ. ಆ ಹೊತ್ತಿನಲ್ಲಿ ಯುವಿ-ಬಿ ಬಹಳ ಕಡಿಮೆ ಇರುತ್ತದೆ. ಯುವಿ-ಎ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅಷ್ಟಾಗಿ ಏರಿಳಿಯದೆ ಇರುವ ಕಿರಣ.

ನಮ್ಮೂರಿನ ಬಿಸಿಲಿನ ಲೆಕ್ಕ

ಮಂಗಳೂರು, ಉಡುಪಿಗಳು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರದಲ್ಲಿವೆ. ಆದ್ದರಿಂದ ಏಪ್ರಿಲ್ 25ರ ಸುತ್ತಮುತ್ತ ಒಮ್ಮೆ, ಆಗಸ್ಟ್ 17ರ ಸುತ್ತಮುತ್ತ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಕಿರಣಗಳು ನೇರವಾಗಿ ಬಿದ್ದಷ್ಟೂ ವಾತಾವರಣದಲ್ಲಿ ಅವು ದಾಟಬೇಕಾದ ದೂರ ಕಡಿಮೆಯಾಗಿ, ನೆಲಕ್ಕೆ ತಲುಪುವ ಯುವಿ ಹೆಚ್ಚುತ್ತದೆ. ಭಾರತದ ಗಡಿಯಾರವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುವುದರಿಂದ, ಅದಕ್ಕಿಂತ ಬಹಳ ಪಶ್ಚಿಮದಲ್ಲಿರುವ ನಮ್ಮಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ಫೆಬ್ರವರಿಯಲ್ಲಿ ಇನ್ನೂ ಹತ್ತು ಹದಿನೈದು ನಿಮಿಷ ತಡವಾಗಿ. ಶಾಲೆ ಬಿಟ್ಟು ಒಂದು ಗಂಟೆಗೆ ಮನೆಗೆ ನಡೆಯುವ ಶನಿವಾರದ ಮಕ್ಕಳು ದಿನದ ಅತಿ ಕಟುವಾದ ಬಿಸಿಲಿನಲ್ಲೇ ನಡೆಯುತ್ತಾರೆಂದು ಅರ್ಥ. ಗಡಿಯಾರ ನೋಡದೆ ತಿಳಿಯಬೇಕಾದರೆ ನೆರಳನ್ನು ನೋಡಿದರೆ ಸಾಕು: ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಯುವಿ ಬಲವಾಗಿದೆ.

ಡಿಸೆಂಬರಿನ ತಂಪು ಗಾಳಿಯಲ್ಲಿ ಮಲ್ಪೆಯ ಕಡಲತೀರದಲ್ಲೋ ಸೇಂಟ್ ಮೇರೀಸ್ ದ್ವೀಪದಲ್ಲೋ ಅರ್ಧ ದಿನ ಕಳೆದವರು ಬೆವರದೆ ಕಪ್ಪಾಗಿ ಮರಳುವುದಕ್ಕೆ ಕಾರಣ ಇದೇ. ಗಾಳಿ ಬಿಸಿಯನ್ನು ಕಡಿಮೆ ಮಾಡುತ್ತದೆಯೇ ಹೊರತು ಯುವಿಯನ್ನಲ್ಲ. ಒಣ ಮರಳು ಸುಮಾರು ಶೇ. 15ರಷ್ಟು, ಕಡಲಿನ ನೊರೆ ಸುಮಾರು ಶೇ. 25ರಷ್ಟು ಯುವಿಯನ್ನು ಹಿಂದಕ್ಕೆ ಚಿಮ್ಮಿಸುವುದರಿಂದ ಕೊಡೆಯ ಕೆಳಗೆ ಕುಳಿತವರಿಗೂ ಕೆಳಗಿನಿಂದ ಅದು ತಾಗುತ್ತದೆ. ತೆಳುವಾದ ಮೋಡ ಬಹುಪಾಲು ಯುವಿಯನ್ನು ಹಾಗೆಯೇ ಬಿಡುತ್ತದೆ. ಆಷಾಢದ ಕಪ್ಪು ಮೋಡವಾದರೆ ಮಾತು ಬೇರೆ.

ಟ್ಯೂಬಿನ ಮೇಲೆ ಬರೆದಿರುವುದು

ಎಸ್‌ಪಿಎಫ್ ಎಂದರೆ ಬಿಸಿಲಿನಿಂದ ರಕ್ಷಿಸುವ ಪ್ರಮಾಣ. ಏನೂ ಹಚ್ಚದ ಚರ್ಮ ಕೆಂಪಾಗಲು ಬೇಕಾದ ಯುವಿಗೆ ಹೋಲಿಸಿದರೆ, ಸನ್‌ಸ್ಕ್ರೀನ್ ಹಚ್ಚಿದ ಚರ್ಮ ಕೆಂಪಾಗಲು ಎಷ್ಟು ಪಟ್ಟು ಯುವಿ ಬೇಕು ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು ಈ ಅಂಕಿ ಕೊಡುತ್ತಾರೆ. ಲೆಕ್ಕದ ಪ್ರಕಾರ ಎಸ್‌ಪಿಎಫ್ 15 ಇದ್ದರೆ ಕೆಂಪಾಗಿಸುವ ಕಿರಣದಲ್ಲಿ ಸುಮಾರು ಶೇ. 93 ತಡೆಯಲ್ಪಡುತ್ತದೆ, 30 ಇದ್ದರೆ ಸುಮಾರು ಶೇ. 97, 50 ಇದ್ದರೆ ಶೇ. 98. 50ರಿಂದ 100ಕ್ಕೆ ಹೋದರೆ ಸಿಗುವುದು ಇನ್ನೊಂದು ಶೇಕಡ ಮಾತ್ರ. ‘ಹತ್ತು ನಿಮಿಷದಲ್ಲಿ ಸುಡುವವರಿಗೆ ಎಸ್‌ಪಿಎಫ್ 30 ಮುನ್ನೂರು ನಿಮಿಷ ರಕ್ಷಣೆ ಕೊಡುತ್ತದೆ’ ಎಂಬ ಪ್ರಚಲಿತ ಲೆಕ್ಕ ತಪ್ಪು. ಬೆಳಗಿನ ಎಂಟರ ಹತ್ತು ನಿಮಿಷವೂ ಮಧ್ಯಾಹ್ನ ಹನ್ನೆರಡೂವರೆಯ ಹತ್ತು ನಿಮಿಷವೂ ಒಂದೇ ಅಲ್ಲ, ಹಚ್ಚಿದ ಪದರವೂ ಅಷ್ಟು ಹೊತ್ತು ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಎಸ್‌ಪಿಎಫ್ ಅಳೆಯುವುದು ಚರ್ಮ ಕೆಂಪಾಗುವುದನ್ನು. ಅದು ಮುಖ್ಯವಾಗಿ ಯುವಿ-ಬಿಯ ಕೆಲಸ. ಅಮೆರಿಕದ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ರೂಪಿಸಿದ, ಮುಂದೆ ಆರು ವರ್ಗಗಳಿಗೆ ಬೆಳೆದ ಚರ್ಮದ ವರ್ಗೀಕರಣದಲ್ಲಿ ಭಾರತೀಯರಲ್ಲಿ ಬಹಳಷ್ಟು ಮಂದಿ ನಾಲ್ಕು, ಐದನೆಯ ವರ್ಗಕ್ಕೆ ಸೇರುತ್ತಾರೆ. ಈ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ಅಂಶ ಹೆಚ್ಚಿರುವುದರಿಂದ ಅದು ಸುಲಭವಾಗಿ ಕೆಂಪಾಗುವುದಿಲ್ಲ, ಸುಲಭವಾಗಿ ಕಪ್ಪಾಗುತ್ತದೆ, ಒಮ್ಮೆ ಬಿದ್ದ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ನಮ್ಮ ದೂರು ಕಪ್ಪಾಗುವುದರದ್ದು, ಅಂಕಿ ಹೇಳುವುದು ಕೆಂಪಾಗುವುದರ ಮಾತು.

ಹಾಗಾಗಿ ಎಸ್‌ಪಿಎಫ್‌ನ ಪಕ್ಕದಲ್ಲಿರುವ ಪಿಎ ಗುರುತನ್ನು ನೋಡಬೇಕು. ಯುವಿ-ಎ ತಡೆಯುವ ಶಕ್ತಿಯನ್ನು ತೋರಿಸಲು ಜಪಾನಿನಲ್ಲಿ 1996ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಒಂದು ಪ್ಲಸ್ಸಿನಿಂದ ನಾಲ್ಕು ಪ್ಲಸ್ಸಿನವರೆಗೆ ಗುರುತುಗಳಿವೆ. ಭಾರತದಲ್ಲಿ ಮಾರಾಟವಾಗುವ ಹೆಚ್ಚಿನ ಟ್ಯೂಬುಗಳ ಮೇಲೆ ಇದು ಇರುತ್ತದೆ. ‘ಬ್ರಾಡ್ ಸ್ಪೆಕ್ಟ್ರಮ್’ ಎಂದಿದ್ದರೆ ಎರಡೂ ಬಗೆಯ ಕಿರಣವನ್ನು ತಡೆಯುತ್ತದೆಂದು ಅರ್ಥ. ಕರಾವಳಿಯ ದಿನನಿತ್ಯಕ್ಕೆ ಎಸ್‌ಪಿಎಫ್ 30ರಿಂದ 50, ಪಿಎ ಮೂರು ಅಥವಾ ನಾಲ್ಕು ಪ್ಲಸ್ ಇರುವುದು ಸಾಕು. ಎಸ್‌ಪಿಎಫ್ 50 ಇದ್ದು ಪಿಎ ಗುರುತೇ ಇಲ್ಲದ್ದಕ್ಕಿಂತ, ಎಸ್‌ಪಿಎಫ್ 30 ಇದ್ದು ನಾಲ್ಕು ಪ್ಲಸ್ ಇರುವುದನ್ನೇ ನಮ್ಮ ಚರ್ಮಕ್ಕೆ ಮೇಲೆಂದು ಈ ಲೇಖಕನ ಎಣಿಕೆ.

ಒಳಗಿರುವ ವಸ್ತುಗಳು

ಸನ್‌ಸ್ಕ್ರೀನಿನಲ್ಲಿ ಕಿರಣ ತಡೆಯುವ ವಸ್ತುಗಳು ಎರಡು ಗುಂಪಿನವು. ಜಿಂಕ್ ಆಕ್ಸೈಡ್ ಮತ್ತು ಟೈಟೇನಿಯಂ ಡೈಆಕ್ಸೈಡ್ ಖನಿಜ ಗುಂಪಿನವು; ಇವನ್ನು ‘ಮಿನರಲ್’ ಅಥವಾ ‘ಫಿಸಿಕಲ್’ ಎನ್ನುತ್ತಾರೆ. ಅವೊಬೆಂಜೋನ್, ಆಕ್ಟೋಕ್ರೈಲಿನ್, ಆಕ್ಟಿನಾಕ್ಸೇಟ್, ಬೆಮೊಟ್ರಿಜಿನಾಲ್ ಮುಂತಾದವು ರಾಸಾಯನಿಕ ಗುಂಪಿನವು. ಖನಿಜದವು ಕನ್ನಡಿಯಂತೆ ಕಿರಣವನ್ನು ಹಿಂದಕ್ಕೆ ಕಳಿಸುತ್ತವೆ ಎಂದು ಜಾಹೀರಾತುಗಳು ಹೇಳಿದರೂ, ಅವೂ ಯುವಿಯ ಬಹುಭಾಗವನ್ನು ಹೀರಿಕೊಂಡೇ ಕೆಲಸ ಮಾಡುತ್ತವೆ. ವ್ಯತ್ಯಾಸ ಇರುವುದು ಚರ್ಮದೊಂದಿಗೆ ಅವುಗಳ ನಡವಳಿಕೆಯಲ್ಲಿ. ಖನಿಜದವು ತುರಿಕೆ, ಉರಿ ತರುವುದು ಅಪರೂಪ, ಆದರೆ ಕಂದು ಚರ್ಮದ ಮೇಲೆ ಬೂದಿ ಬಳಿದಂತೆ ಕಾಣುತ್ತವೆ. ರಾಸಾಯನಿಕ ಗುಂಪಿನವು ಹಗುರ, ಬಣ್ಣ ಬಿಡುವುದಿಲ್ಲ, ಆದರೆ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ ಮತ್ತು ಬೆವರಿನೊಂದಿಗೆ ಕಣ್ಣಿಗೆ ಇಳಿದರೆ ಉರಿಯುತ್ತದೆ. ಅವೊಬೆಂಜೋನ್ ಒಳ್ಳೆಯ ಯುವಿ-ಎ ತಡೆಯಾದರೂ ಬಿಸಿಲಿನಲ್ಲೇ ಕ್ರಮೇಣ ಶಕ್ತಿ ಕಳೆದುಕೊಳ್ಳುವುದರಿಂದ, ಅದರ ಜೊತೆಗೆ ಆಕ್ಟೋಕ್ರೈಲಿನ್‌ನಂತಹ ಸ್ಥಿರಗೊಳಿಸುವ ವಸ್ತು ಇದೆಯೇ ಎಂದು ಪಟ್ಟಿಯಲ್ಲಿ ನೋಡುವುದು ಒಳ್ಳೆಯದು.

ರಾಸಾಯನಿಕ ಗುಂಪಿನ ಕೆಲವು ವಸ್ತುಗಳು ಚರ್ಮದ ಮೂಲಕ ರಕ್ತಕ್ಕೆ ಅಲ್ಪ ಪ್ರಮಾಣದಲ್ಲಿ ಸೇರುತ್ತವೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಅಧ್ಯಯನಗಳು 2019 ಮತ್ತು 2020ರಲ್ಲಿ ತೋರಿಸಿದವು. ಸೇರುವುದೆಂದರೆ ಹಾನಿಯಾಗುವುದೆಂದಲ್ಲ, ಬಳಕೆ ನಿಲ್ಲಿಸಬೇಕೆಂದು ಆ ಸಂಸ್ಥೆಯೂ ಹೇಳಲಿಲ್ಲ.

ಎಣ್ಣೆ ಚರ್ಮ, ಒಣ ಚರ್ಮ, ಸೂಕ್ಷ್ಮ ಚರ್ಮ

ಬಯಲುಸೀಮೆಯ ಒಣ ಬಿಸಿಲಿನಲ್ಲಿ ಬೆವರು ಆರಿಹೋಗುತ್ತದೆ. ಇಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಆರದೆ ಹರಿಯುತ್ತದೆ, ಹಚ್ಚಿದ್ದನ್ನೂ ಜೊತೆಗೆ ಒಯ್ಯುತ್ತದೆ. ಬೇರೆ ಊರಿನ ಸಂಬಂಧಿಕರು ಹೊಗಳಿದ ಕ್ರೀಮ್ ಇಲ್ಲಿ ಅಂಟಂಟಾಗುವುದು ಇದರಿಂದಲೇ.

ಹಣೆ, ಮೂಗು, ಗಲ್ಲ ಸದಾ ಜಿಡ್ಡಾಗಿದ್ದು ಮೊಡವೆ ಏಳುವವರಿಗೆ ಜೆಲ್ ಅಥವಾ ನೀರಿನಂತೆ ತೆಳುವಾದ ಲೋಷನ್ ಹೊಂದುತ್ತದೆ. ‘ನಾನ್-ಕಾಮೆಡೋಜೆನಿಕ್’ ಎಂದು ಬರೆದಿದ್ದರೆ ರೋಮರಂಧ್ರ ಮುಚ್ಚದಂತೆ ತಯಾರಿಸಿದ್ದೆಂದು ಅರ್ಥ. ಜೆಲ್‌ಗಳಲ್ಲಿ ಆಲ್ಕೋಹಾಲ್ ಹೆಚ್ಚಿದ್ದರೆ ಬೇಗ ಒಣಗುತ್ತವೆ, ಆದರೆ ಒಡೆದ ಮೊಡವೆಯ ಮೇಲೆ ಚುರುಗುಟ್ಟುತ್ತವೆ. ಮೊಡವೆಗೆ ಕೊಡುವ ಔಷಧಗಳ ಬಗ್ಗೆಯೂ ಎಚ್ಚರ ಬೇಕು: ಟ್ರೆಟಿನಾಯಿನ್, ಅಡಾಪಲೀನ್‌ನಂತಹ ಮುಲಾಮುಗಳನ್ನು ರಾತ್ರಿ ಹಚ್ಚಿದರೂ ಹಗಲಿನಲ್ಲಿ ಚರ್ಮ ಬಿಸಿಲಿಗೆ ಹೆಚ್ಚು ಸೂಕ್ಷ್ಮವಾಗಿರಬಹುದು. ಡಾಕ್ಸಿಸೈಕ್ಲಿನ್ ಮಾತ್ರೆಯೂ ಹಾಗೆಯೇ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವವರಿಗೆ ಇಲಿಜ್ವರದ ಮುನ್ನೆಚ್ಚರಿಕೆಗೆ ವೈದ್ಯರು ಇದೇ ಮಾತ್ರೆ ಬರೆಯುವುದುಂಟು. ಅದನ್ನು ತೆಗೆದುಕೊಳ್ಳುವ ದಿನಗಳಲ್ಲಿ ಮೋಡ ಸರಿದು ಬಿಸಿಲು ಬಿದ್ದರೆ, ಕೈ ಮತ್ತು ಕುತ್ತಿಗೆ ಅಸಹಜವಾಗಿ ಕೆಂಪಾದೀತು.

ಬೆನ್ನು, ಕುತ್ತಿಗೆಯಲ್ಲಿ ಬೆವರುಸಾಲೆ ಏಳುವವರು ಆ ಜಾಗಕ್ಕೆ ದಪ್ಪ ಕ್ರೀಮ್ ಹಚ್ಚಬಾರದು, ಬಟ್ಟೆಯೇ ಅಲ್ಲಿ ಸರಿಯಾದ ರಕ್ಷಣೆ. ಒಣ ಚರ್ಮದವರಿಗೆ ಗ್ಲಿಸರಿನ್, ಹಯಾಲುರಾನಿಕ್ ಆಮ್ಲ, ಸೆರಮೈಡ್ ಇರುವ ಕ್ರೀಮ್ ರೂಪದ್ದು ಸರಿ. ಎಸಿಯಲ್ಲಿ ದಿನವಿಡೀ ಕುಳಿತು ಕೆಲಸ ಮಾಡುವವರ ಚರ್ಮ ಕರಾವಳಿಯಲ್ಲೂ ಒಣಗುತ್ತದೆ. ಬೇಗ ತುರಿಸುವ, ಕೆಂಪಾಗುವ ಸೂಕ್ಷ್ಮ ಚರ್ಮಕ್ಕೆ ಸುವಾಸನೆ ಸೇರಿಸದ ಖನಿಜದ ಸನ್‌ಸ್ಕ್ರೀನ್ ಮೊದಲ ಆಯ್ಕೆ. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಯಲ್ಲಿ ಎರಡು ಮೂರು ದಿನ ಹಚ್ಚಿ ನೋಡಬೇಕು.

ತೊನ್ನು ಇರುವವರ ಬಿಳಿ ಮಚ್ಚೆಗಳಲ್ಲಿ ಮೆಲನಿನ್ ಇಲ್ಲದ್ದರಿಂದ ಅಲ್ಲಿ ಚರ್ಮ ನಿಜಕ್ಕೂ ಸುಡುತ್ತದೆ. ಅವರಿಗೆ ಎಸ್‌ಪಿಎಫ್ ಅಂಕಿಯೂ ಮುಖ್ಯ. ಬೆಳಕಿನ ಚಿಕಿತ್ಸೆ ನಡೆಯುತ್ತಿದ್ದರೆ ಯಾವಾಗ ಹಚ್ಚಬೇಕು, ಯಾವಾಗ ಬಿಡಬೇಕು ಎಂಬುದನ್ನು ಚಿಕಿತ್ಸೆ ಕೊಡುವ ವೈದ್ಯರೇ ಹೇಳಬೇಕು.

ಭಂಗು ಮತ್ತು ಕಪ್ಪು ಕಲೆ

ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಪದರದಂತೆ ಹರಡುವ ಭಂಗು ಹೆಂಗಸರಲ್ಲಿ, ಅದರಲ್ಲೂ ಗರ್ಭಿಣಿಯರಲ್ಲಿ ಮತ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಹಾರ್ಮೋನು, ಮನೆತನದ ಚರಿತ್ರೆ, ಬಿಸಿಲು ಮೂರೂ ಇದಕ್ಕೆ ಕಾರಣ. ಮೊದಲೆರಡು ನಮ್ಮ ಕೈಯಲ್ಲಿಲ್ಲದ ಕಾರಣ ಸನ್‌ಸ್ಕ್ರೀನಿಗೆ ಇಲ್ಲಿ ಔಷಧದಷ್ಟೇ ಬೆಲೆ.

ಆದರೆ ಭಂಗು ಇರುವವರು ದುಬಾರಿಯಾದ ಎಸ್‌ಪಿಎಫ್ 50 ಹಚ್ಚಿಯೂ ಫಲ ಕಾಣದೆ ಬೇಸರಪಡುವುದು ಇದೆ. ಅದಕ್ಕೊಂದು ವಿವರಣೆಯಿದೆ. ಕಂದು ಚರ್ಮದಲ್ಲಿ ಯುವಿಯಷ್ಟೇ ಅಲ್ಲದೆ ಕಣ್ಣಿಗೆ ಕಾಣುವ ಬೆಳಕೂ, ವಿಶೇಷವಾಗಿ ಅದರ ನೇರಳೆ, ನೀಲಿ ಭಾಗ, ಕಪ್ಪಾಗಿಸುತ್ತದೆ, ಮತ್ತು ಆ ಕಪ್ಪು ಬೇಗ ಮಾಸುವುದಿಲ್ಲ. ಬಣ್ಣವಿಲ್ಲದ, ಪಾರದರ್ಶಕವಾದ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯಲಾರದು. ಅದು ಪಾರದರ್ಶಕವಾಗಿ ಕಾಣುತ್ತದೆ ಎಂದರೆ ಕಾಣುವ ಬೆಳಕನ್ನು ಬಿಡುತ್ತಿದೆ ಎಂದೇ ತಾನೆ? ಐರನ್ ಆಕ್ಸೈಡ್ ಎಂಬ ಕಬ್ಬಿಣದ ಬಣ್ಣ ಸೇರಿಸಿದ, ಚರ್ಮದ ಬಣ್ಣಕ್ಕೆ ಹೊಂದುವ ‘ಟಿಂಟೆಡ್’ ಸನ್‌ಸ್ಕ್ರೀನ್ ಮಾತ್ರ ಈ ಕೆಲಸ ಮಾಡುತ್ತದೆ. ಎಲ್ಲರ ಮನೆಯಲ್ಲಿರುವ ಕ್ಯಾಲಮೈನ್ ಲೋಷನ್ ನಸುಗೆಂಪಾಗಿರುವುದಕ್ಕೂ ಜಿಂಕ್ ಜೊತೆಗೆ ಸೇರಿರುವ ಇದೇ ಐರನ್ ಆಕ್ಸೈಡ್ ಕಾರಣ. ಹಾಗೆಂದು ಅದನ್ನು ಸನ್‌ಸ್ಕ್ರೀನ್ ಆಗಿ ಬಳಸುವಂತಿಲ್ಲ, ಅದನ್ನು ಆ ಉದ್ದೇಶಕ್ಕೆ ಪರೀಕ್ಷಿಸಿಲ್ಲ. ಟಿಂಟೆಡ್ ಸನ್‌ಸ್ಕ್ರೀನಿನಿಂದ ಇನ್ನೊಂದು ಲಾಭವೆಂದರೆ ಖನಿಜದ ಬಿಳಿಚು ಕಾಣುವುದಿಲ್ಲ. ಬಣ್ಣ ತನ್ನ ಚರ್ಮಕ್ಕೆ ಹೊಂದುತ್ತದೆಯೇ ಎಂದು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನಿರ್ಧರಿಸದೆ ಹೊರಗೆ ಬಂದು ಹಗಲ ಬೆಳಕಿನಲ್ಲಿ ನೋಡಬೇಕು.

ಕಪ್ಪು ಕಲೆಗೆ ನಿಂಬೆರಸ ಉಜ್ಜುವ ರೂಢಿ ನಮ್ಮಲ್ಲಿ ಇನ್ನೂ ಇದೆ. ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ ಮತ್ತು ರಸದಲ್ಲಿರುವ ಕೆಲವು ಅಂಶಗಳು ಯುವಿ-ಎ ಜೊತೆ ಸೇರಿ ಚರ್ಮವನ್ನು ಸುಟ್ಟು ಗಾಢವಾದ ಕಲೆ ಉಳಿಸುವುದರಿಂದ, ಅದನ್ನು ಹಚ್ಚಿ ಬಿಸಿಲಿಗೆ ಹೋಗುವುದು ಕಲೆಯನ್ನು ಕರೆದು ತಂದಂತೆ. ತೆಂಗಿನೆಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ. ಬಿಸಿಲು ತಡೆಯಲು ಅದನ್ನು ನಂಬುವಂತಿಲ್ಲ.

ಮಕ್ಕಳು ಮತ್ತು ಗರ್ಭಿಣಿಯರು

ಆರು ತಿಂಗಳೊಳಗಿನ ಶಿಶುಗಳಿಗೆ ನೆರಳು ಮತ್ತು ಬಟ್ಟೆಯೇ ರಕ್ಷಣೆ, ಸನ್‌ಸ್ಕ್ರೀನ್ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಸುವಾಸನೆಯಿಲ್ಲದ ಖನಿಜದ ಸನ್‌ಸ್ಕ್ರೀನ್ ಸೂಕ್ತ. ಗರ್ಭಿಣಿಯರಿಗೂ ವೈದ್ಯರು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತಾರೆ. ಭಂಗಿನ ಭಯವಿರುವುದರಿಂದ ಟಿಂಟೆಡ್ ಆದರೆ ಇನ್ನೂ ಒಳ್ಳೆಯದು.

ಎಷ್ಟು ಹಚ್ಚಬೇಕು?

ಪ್ರಯೋಗಾಲಯದಲ್ಲಿ ಎಸ್‌ಪಿಎಫ್ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮನೆಯಲ್ಲಿ ಜನ ಹಚ್ಚುವುದು ಹೆಚ್ಚಾಗಿ ಅದರ ಕಾಲು ಭಾಗದಿಂದ ಅರ್ಧ. ಪ್ರಮಾಣ ಅರ್ಧಕ್ಕಿಳಿದರೆ 50ರ ರಕ್ಷಣೆ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಹಂಚಿನ ಮಾಡಿಗೆ ಎಷ್ಟೇ ಗಟ್ಟಿಯಾದ ಹಂಚು ತಂದರೂ ಅಲ್ಲಲ್ಲಿ ಹೊದಿಸದೆ ಬಿಟ್ಟರೆ ಮಳೆನೀರು ಒಳಗೆ ಸುರಿಯುವ ಹಾಗೆ, ತೆಳುವಾಗಿ ಹಚ್ಚಿದ ಪದರದ ಸಂದುಗಳಲ್ಲಿ ಕಿರಣ ಇಳಿಯುತ್ತದೆ.

ಮುಖಕ್ಕೆ ಬೇಕಾಗುವುದು ಒಂದು ಗ್ರಾಂ ಅಥವಾ ತುಸು ಹೆಚ್ಚು. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದರೆ ಮುಖ, ಕುತ್ತಿಗೆಗೆ ಸಾಕಾಗುತ್ತದೆ. ಈ ಲೆಕ್ಕದಲ್ಲಿ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಒಂದೂವರೆ ತಿಂಗಳಲ್ಲಿ ಮುಗಿಯಬೇಕು. ಮನೆಯವರೆಲ್ಲ ಹಚ್ಚಿಯೂ ಒಂದು ಟ್ಯೂಬ್ ಆರು ತಿಂಗಳು ಬಾಳುತ್ತಿದ್ದರೆ ಅದು ಮಿತವ್ಯಯವಲ್ಲ, ಹಚ್ಚಿದ್ದೇ ಕಡಿಮೆ. ಆದ್ದರಿಂದ ಬೆಲೆ ನೋಡುವಾಗ, ಎರಡು ಬೆರಳಿನಷ್ಟು ದಿನವೂ ಹಚ್ಚಲು ಕೈ ಹಿಂಜರಿಯದ ಟ್ಯೂಬನ್ನೇ ಕೊಳ್ಳುವುದು ಜಾಣತನ. ಫೌಂಡೇಶನ್‌ನಲ್ಲೋ ಪೌಡರಿನಲ್ಲೋ ಎಸ್‌ಪಿಎಫ್ ಎಂದು ಬರೆದಿದ್ದರೂ ಅಷ್ಟು ದಪ್ಪವಾಗಿ ಅದನ್ನು ಯಾರೂ ಬಳಿಯುವುದಿಲ್ಲ. ಸ್ಪ್ರೇಯನ್ನು ಕಡಲಗಾಳಿಯಲ್ಲಿ ಹೊಡೆದರೆ ಅರ್ಧ ಗಾಳಿಯ ಪಾಲು.

ಮನೆಯಿಂದ ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಚ್ಚಬೇಕು; ಕಿವಿಯ ಅಂಚು, ಕುತ್ತಿಗೆಯ ಹಿಂಭಾಗ, ಪಾದದ ಮೇಲ್ಭಾಗ ಮರೆತುಹೋಗುವ ಜಾಗಗಳು. ಬಿಸಿಲಿನಲ್ಲೇ ಇರುವವರು ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಈಜಿದ ಮೇಲೆ, ಬೆವರು ಒರೆಸಿಕೊಂಡ ಮೇಲೆ, ಎರಡು ಗಂಟೆ ಆಗದಿದ್ದರೂ. ಪಣಂಬೂರಿನಲ್ಲೋ ಸಸಿಹಿತ್ಲುವಿನಲ್ಲೋ ನೀರಿಗೆ ಇಳಿಯುವವರು ‘ವಾಟರ್ ರೆಸಿಸ್ಟೆಂಟ್’ ಎಂದಿರುವುದನ್ನು ಕೊಳ್ಳಬೇಕು. ಅಮೆರಿಕದ ನಿಯಮದಲ್ಲಿ ಈ ಮಾತಿಗೆ ನೀರಿನಲ್ಲಿ 40 ಅಥವಾ 80 ನಿಮಿಷ ಉಳಿಯುತ್ತದೆಂಬ ಅಳತೆಯಿದೆ, ಶಾಶ್ವತವಾಗಿ ಉಳಿಯುವುದು ಯಾವುದೂ ಇಲ್ಲ. ಬೆವರು ಹುಬ್ಬಿನಿಂದ ಕಣ್ಣಿಗೆ ಇಳಿಯುವವರು ಹಣೆಗೆ ಮತ್ತು ಕಣ್ಣಿನ ಸುತ್ತ ಖನಿಜದ ಸ್ಟಿಕ್ ಬಳಸಿದರೆ ಉರಿ ತಪ್ಪುತ್ತದೆ.

ದಿನವಿಡೀ ಗದ್ದೆಯಲ್ಲಿ, ದೋಣಿಯಲ್ಲಿ, ಕಟ್ಟಡದ ಕೆಲಸದಲ್ಲಿ ಇರುವವರಿಗೆ ಎರಡು ಗಂಟೆಗೊಮ್ಮೆ ಹಚ್ಚಿ ಎನ್ನುವುದು ಹೇಳಲು ಸುಲಭ. ಅವರಿಗೆ ತುಂಬುತೋಳಿನ ಅಂಗಿ ಮತ್ತು ಅಗಲ ಅಂಚಿನ ಟೊಪ್ಪಿ ಯಾವ ಟ್ಯೂಬಿಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ. ಸ್ಕೂಟರಿನಲ್ಲಿ ಓಡಾಡುವವರ ಮುಂಗೈಗೂ ಇದೇ ಮಾತು.

ಡಿಕ್ಕಿಯಲ್ಲಿಟ್ಟ ಟ್ಯೂಬ್, ಬಿಳಿ ಅಂಗಿಯ ಕಲೆ

ಸನ್‌ಸ್ಕ್ರೀನನ್ನು ಸ್ಕೂಟರಿನ ಡಿಕ್ಕಿಯಲ್ಲಿಡುವ ಅಭ್ಯಾಸ ಬಹಳ ಮಂದಿಗಿದೆ. ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗಿನ ಬಿಸಿಗೆ ಅದರಲ್ಲಿರುವ ಎಣ್ಣೆ ಮತ್ತು ನೀರಿನ ಅಂಶ ಬೇರ್ಪಡುತ್ತದೆ. ಹಿಂಡಿದಾಗ ಮೊದಲು ನೀರು, ಆಮೇಲೆ ಗಂಟುಗಂಟಾದ ಕ್ರೀಮ್ ಬಂದರೆ ಅದನ್ನು ಬಿಸಾಡುವುದೇ ಸರಿ, ಮುಕ್ತಾಯದ ದಿನಾಂಕ ದೂರವಿದ್ದರೂ.

ಇನ್ನೊಂದು ತೊಂದರೆ ಬಟ್ಟೆಯದ್ದು. ಬಿಳಿ ಅಂಗಿಯ ಕಾಲರಿನಲ್ಲಿ ಒಗೆದ ಮೇಲೆ ತುಕ್ಕಿನ ಬಣ್ಣದ ಕಲೆ ಕಾಣಿಸಿಕೊಂಡರೆ ಸಾಬೂನನ್ನು ದೂರುವ ಮೊದಲು ಸನ್‌ಸ್ಕ್ರೀನಿನ ಪಟ್ಟಿಯಲ್ಲಿ ಅವೊಬೆಂಜೋನ್ ಇದೆಯೇ ನೋಡಬೇಕು. ನೀರಿನಲ್ಲಿರುವ ಕಬ್ಬಿಣದ ಜೊತೆ ಅದು ಸೇರಿದಾಗ ಈ ಕಲೆ ಮೂಡುತ್ತದೆ. ಬಕೆಟಿನ ತಳಕ್ಕೆ ಕಂದು ಬಣ್ಣ ಹಿಡಿಸುವಷ್ಟು ಕಬ್ಬಿಣವಿರುವ ಕೊಳವೆಬಾವಿಯ ನೀರು ಬರುವ ಮನೆಗಳಲ್ಲಿ ಇದು ಹೆಚ್ಚು. ಬ್ಲೀಚ್ ಹಾಕಿದರೆ ಕಲೆ ಗಾಢವಾಗುತ್ತದೆ; ತುಕ್ಕಿನ ಕಲೆಗೆ ಮಾಡುವಂತೆ ನಿಂಬೆರಸ ಅಥವಾ ಸಿಟ್ರಿಕ್ ಆಮ್ಲ ಹಾಕಿ ತಿಕ್ಕಬೇಕು. ಶಾಲೆಯ ಮಕ್ಕಳು, ನರ್ಸ್‌ಗಳು ಮತ್ತಿತರ ಬಿಳಿ ಸಮವಸ್ತ್ರದವರು ಸನ್‌ಸ್ಕ್ರೀನ್ ಹಚ್ಚಿ ಪೂರ್ತಿ ಆರಿದ ಮೇಲೆ ಬಟ್ಟೆ ತೊಡುವುದು, ಇಲ್ಲವೇ ಕುತ್ತಿಗೆಗೆ ಅವೊಬೆಂಜೋನ್ ಇಲ್ಲದ ಖನಿಜದ ಸನ್‌ಸ್ಕ್ರೀನ್ ಬಳಸುವುದು ಒಳ್ಳೆಯದು.